ಹನ್ನೊಂದು ಮಿಲಿಮೀಟರ್

ಫ್ರೀಮನ್ ಸ್ಟ್ರೀಟಿನ ಔಷಧದಂಗಡಿಯ ಮೇಲೆ
ಪರದೇಶಕ್ಕೆ ಹೊರಟವರಿಗೆ ಚುಚ್ಚುವ ಕೋಣೆ ನನ್ನದು.
ಕಿಟಕಿಯಾಚೆ ಗ್ರಿಮ್ಸ್‌ಬಿ, ಮೀನಿನ ವಾಸನೆ, ಜನವರಿ.
ಇಲ್ಲಿನ ಮಳೆ ಸುರಿಯುವುದಿಲ್ಲ,
ಸಾಲ ಕೇಳಲು ಬಂದು ಬಾಯಿಬಿಡಲಾರದವನಂತೆ
ಬಾಗಿಲಲ್ಲಿ ನಿಂತೇ ಇರುತ್ತದೆ.

ಹೆಝೆಲ್ ಟಕ್ಸ್‌ವರ್ತ್, ಎಪ್ಪತ್ತನಾಲ್ಕು,
ಮೂವತ್ತು ವರ್ಷ ಹ್ಯಾಡಕ್ ಸೀಳಿದ ಕೈ,
ತೋಳು ಮಡಚಿ ಕೂತಳು.
ಎಲ್ಲಿಗೆ? ಜಾಂಬಿಯಾ. ಯಾವಾಗ? ಫೆಬ್ರವರಿ.
ಕಂಪ್ಯೂಟರು ಕೆಂಪಗೆ ಎಚ್ಚರಿಸಿತು: ಮಳೆಗಾಲ.

ಈಗ ಹೋದರೆ ಏನೂ ಕಾಣಿಸದು, ಎಂದೆ,
ನಾನೇ ಹೋಗಿ ಬಂದವಳ ಹಾಗೆ.
ಒಣಗಾಲದಲ್ಲಾದರೆ ನೀರು ಒಂದೇ ಕಡೆ,
ಆನೆಯಾಗಲಿ ಸಿಂಹವಾಗಲಿ ಬಂದೇ ಬರಬೇಕು.
ಮಳೆಗಾಲದಲ್ಲಿ ಗೊರಸೂರಿದ ಕಡೆಯೆಲ್ಲ ಕೆರೆ;
ಯಾರು ಯಾಕೆ ಬರಬೇಕು ನಿಮ್ಮ ಜೀಪಿನ ಮುಂದೆ?
ಹುಲ್ಲು ಆಳೆತ್ತರ, ದಾರಿಯೆಲ್ಲ ಎರೆಮಣ್ಣು,
ಚಕ್ರ ಇಳಿದರೆ ಏಳದು.

"ಅರ್ಧ ಬೆಲೆ," ಎಂದಳು.
ಆಮೇಲೆ ಚೀಲದಿಂದ ತೆಗೆದಳು,
ಟೀ ಟವೆಲಿನಲ್ಲಿ ಸುತ್ತಿದ ತಾಮ್ರದ ಮಳೆಮಾಪಕ.
ವಿಮಾನದಲ್ಲಿ ಬಿಡುತ್ತಾರಾ ಎಂದು
ಟಿಕೆಟ್ಟಿನವರಿಗೆ ತೋರಿಸಿ ಬರುತ್ತಿದ್ದಾಳೆ.
ನಲವತ್ತೊಂದು ವರ್ಷ, ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ
ತರಕಾರಿ ಮಡಿಯ ಮೂಲೆಯಲ್ಲಿ ಬಗ್ಗಿ
ಈ ಊರಿನ ಮಳೆ ಅಳೆದಿದ್ದಾಳೆ.
ಗಂಡ ಸತ್ತ ದಿನ: ಸೊನ್ನೆ ಪಾಯಿಂಟ್ ನಾಲ್ಕು.
"ಇಷ್ಟು ವರ್ಷ ಚಮಚದಲ್ಲಿ ಉಂಡೆ,
ಒಂದು ಸಲ ಬಟ್ಟಲು ತುಂಬ ನೋಡಬೇಕು.
ಸಿಂಹ ಬೇಕಾದರೆ ಟೀವಿಯಲ್ಲಿದೆ."

ಎಡತೋಳಿಗೆ ಟೈಫಾಯ್ಡು. ಬಲಕ್ಕೆ ಕಾಮಾಲೆಯದು.
ಚುಚ್ಚುವಾಗ ಏನಾದರೂ ಮಾತಾಡುತ್ತಿರಬೇಕು,
ಕಸುಬಿನ ನಿಯಮ. ತಡಕಿದರೆ ಸಿಕ್ಕಿದ್ದು ಇದು:

ಹಿರಿಯೂರಿನ ತಾಲ್ಲೂಕು ಕಚೇರಿ. ತಂತಿಬೇಲಿ.
ಒಳಗೆ ಇಂಥದೇ ಒಂದು.
ಎಂಟೂವರೆಗೆ ಜವಾನ ಓಬಣ್ಣ ಬಂದು
ಇಣುಕಿ, ಸೊನ್ನೆ ಬರೆದು, ಬೀಡಿ ಹಚ್ಚುವನು.
ಮೃಗಶಿರ ಬಂತು, ಸೊನ್ನೆ.
ಆರದೆ ಹುಯ್ಯಬೇಕಾದ ಆರಿದ್ರ ಬಂತು, ಸೊನ್ನೆ.
ನಾನು, ಶಕೀಲಾ, ಐದನೇ ಕ್ಲಾಸು;
ಬರೆದೂ ಬರೆದೂ ಅವನಿಗೆ ಬೇಜಾರಾಗಿರಬೇಕೆಂದು
ಬೇಲಿ ನುಸುಳಿ ಒಂದು ಲೋಟ ನೀರು ಹೊಯ್ದೆವು.
ಮರುದಿನ ಓಬಣ್ಣ ಆಕಾಶ ನೋಡಿದ.
ನೆಲ ನೋಡಿದ, ಧೂಳು.
ಕೊನೆಗೆ ಸರ್ಕಾರದ ಉಪ್ಪು ತಿಂದವನಲ್ಲವೆ,
ಕಂಡದ್ದನ್ನು ಬರೆದ:
ಹನ್ನೊಂದು ಮಿಲಿಮೀಟರ್.

ನಗುತ್ತಾಳೆಂದುಕೊಂಡಿದ್ದೆ.
ಹೆಝೆಲ್ ನಗಲಿಲ್ಲ. ತೋಳಿನ ಹತ್ತಿ ಒತ್ತಿಕೊಂಡು
"ತಿದ್ದಿಸಿದೆಯಾ?" ಎಂದಳು.
ಇಲ್ಲ.
"ಯಾವ ವರ್ಷ?"
ಹೇಳಿದೆ. ಮಾತ್ರೆ ದಿನಕ್ಕೊಂದು, ಊಟದ ಜೊತೆ,
ಮರೆಯಬೇಡಿ ಎಂದೂ ಹೇಳಿದೆ.
ಕೋಟಿನ ಗುಂಡಿ ಹಾಕಿ ಇಳಿದು ಹೋದಳು.
ಮೆಟ್ಟಿಲ ತಿರುವಿನಲ್ಲಿ ತಾಮ್ರ ಗೋಡೆಗೆ ತಾಗಿ
ಒಮ್ಮೆ ಠಣ್ ಎಂದಿತು.

ಆ ರಾತ್ರಿ ಎಣಿಸುತ್ತ ಮಲಗಿದೆ. ಅಶ್ವಿನಿ, ಭರಣಿ, ಕೃತ್ತಿಕೆ...
ಸ್ವಾತಿ, ವಿಶಾಖೆ ದಾಟಿದರೆ ನಮ್ಮ ಮಳೆ ಮುಗಿಯಿತು.
ಅವಳು ಹೋಗುವ ಹೊತ್ತಿಗೆ ಧನಿಷ್ಠೆ.
ಧನಿಷ್ಠೆಗೆ ಮಳೆಯುಂಟೆ? ಒಂದು ಗಾದೆಯೂ ಇಲ್ಲ.
ಏನೆಂದು ಕರೆಯುತ್ತಾರೋ ಅಲ್ಲಿ ಅದನ್ನು.

ಮಾರ್ಚಿನಲ್ಲಿ ಕಾರ್ಡು ಬಂತು. ಮುಂದೆ ಜಿರಾಫೆ,
ಹಿಂದೆ ನೀರು ಕುಡಿದು ಉಬ್ಬಿದ ಅಕ್ಷರ:
ಲುವಾಂಗ್ವಾ ಹೊಳೆ ಮೆಟ್ಟಿಲು ನುಂಗಿದೆ,
ಊಟಕ್ಕೂ ದೋಣಿ.
ಸಿಂಹ: ಇಲ್ಲ.
ಆನೆ: ಒಂದು, ಹಿಂಭಾಗ ಮಾತ್ರ.
ಕಪ್ಪೆ: ಎಣಿಸುವುದು ಬಿಟ್ಟೆ.
ಹನ್ನೆರಡನೇ ತಾರೀಖು, ಬೆಳಿಗ್ಗೆ ಒಂಬತ್ತು:
ಅಳೆಯುವ ಗಾಜಿಗೆ ಒಂಬತ್ತು ಸಲ ಸುರಿದೆ,
ಕೈ ನಡುಗಿತು, ಆದರೂ ಚೆಲ್ಲಲಿಲ್ಲ. ಎಂಬತ್ತೇಳು.

ಕೆಳಗೆ, ಸ್ಕೇಲಿಟ್ಟು ಗೆರೆ ಎಳೆದು:
ನಿನ್ನ ಬಾಕಿ ಕಳೆದು, ಎಪ್ಪತ್ತಾರು.